ಮುಚ್ಚಿದ ಬಾಗಿಲು ಮತ್ತು ನೋಡುಗರ ತೀರ್ಪು

ಚಲನಚಿತ್ರ ನೋಡಿ ಹೊರಬಂದವರು ಆಡುವ ಮಾತುಗಳು ಬಹುಮಟ್ಟಿಗೆ ನಮಗೆಲ್ಲ ಪರಿಚಿತವಾದವು. ಹಾಡು ಚೆನ್ನಾಗಿತ್ತು, ಅಭಿನಯ ಸಪ್ಪೆಯಾಗಿತ್ತು, ಕತೆಯನ್ನು ಎಳೆದರು ಎಂಬಂಥವು. ಆದರೆ ಒಂದು ಜಾತಿಯ ಚಿತ್ರಗಳನ್ನು ನೋಡಿದವರು ಚಿತ್ರದ ಗುಣದೋಷಗಳನ್ನು ಬದಿಗಿಟ್ಟು ಪಾತ್ರಕ್ಕೇ ಬುದ್ಧಿ ಹೇಳತೊಡಗುತ್ತಾರೆ. "ಅವನು ಹಾಗೆ ಮಾಡುವ ಬದಲು ಹೀಗೆ ಮಾಡಬಾರದಿತ್ತೆ?" ಎಂದು ಕೇಳುತ್ತಾರೆ. ಒಬ್ಬನೇ ಮನುಷ್ಯ ಎಲ್ಲಿಯೋ ಸಿಕ್ಕಿಬಿದ್ದು, ಪ್ರಾಣ ಉಳಿಸಿಕೊಳ್ಳಲು ಹೆಣಗುವುದನ್ನೇ ವಸ್ತುವಾಗಿ ಉಳ್ಳ, ಅಲ್ಪ ಬಂಡವಾಳದ ಚಿತ್ರಗಳು ಇವು. ಅವನ್ನು ಕುರಿತು ಪ್ರೇಕ್ಷಕರು ಆಡುವ ಮಾತುಗಳ ಒಳಗೆ ಏನಿದೆ ಎಂಬುದನ್ನು ಇಂದು ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಉದಾಹರಣೆಗೆ 2017ರಲ್ಲಿ ತೆರೆಕಂಡ 'ಟ್ರ್ಯಾಪ್ಡ್' ಎಂಬ ಹಿಂದಿ ಚಿತ್ರವನ್ನು ತೆಗೆದುಕೊಳ್ಳೋಣ. ವಿಕ್ರಮಾದಿತ್ಯ ಮೋಟ್ವಾನೆ ಅದರ ನಿರ್ದೇಶಕರು. ರಾಜ್‌ಕುಮಾರ್ ರಾವ್ ನಾಯಕ. ಮುಂಬಯಿಯಲ್ಲಿ ಸಣ್ಣ ಸಂಬಳಕ್ಕೆ ದುಡಿಯುವ ಶೌರ್ಯನೆಂಬ ತರುಣನಿಗೆ ಒಂದೆರಡು ದಿನಗಳಲ್ಲಿ ಬಾಡಿಗೆಯ ಮನೆಯೊಂದು ಬೇಕಾಗಿದೆ. ಅವನು ಮೆಚ್ಚಿದ ಹುಡುಗಿಗೆ ಬೇರೊಂದು ಕಡೆ ಮದುವೆ ಗೊತ್ತಾಗಿದೆ; ಮನೆ ಸಿಕ್ಕದೆ ಅವಳ ಕೈ ಹಿಡಿಯುವಂತಿಲ್ಲ. ದಲ್ಲಾಳಿಯೊಬ್ಬನು ಬಹುಮಹಡಿಯ ಕಟ್ಟಡವೊಂದರಲ್ಲಿ, ಕದ್ದುಮುಚ್ಚಿ, ಒಂದು ಮನೆ ಕೊಡಿಸುತ್ತಾನೆ. ಕಟ್ಟಡದ ಹೆಸರು 'ಸ್ವರ್ಗ'. ಅಲ್ಲಿ ಬೇರೆ ನರಪಿಳ್ಳೆಯೂ ವಾಸವಿಲ್ಲ. ಬೀಗದ ಕೈ ಹೊರಗಿನ ಬೀಗದಲ್ಲೇ ಉಳಿದಿರುವಾಗ ಬಾಗಿಲು ದಢಾರನೆ ಮುಚ್ಚಿಕೊಳ್ಳುತ್ತದೆ. ಫೋನು ಸಾಯುತ್ತದೆ, ವಿದ್ಯುತ್ತು ಹೋಗುತ್ತದೆ, ಕುಡಿಯಲು ನೀರಿಲ್ಲ. ಸುತ್ತ ಲಕ್ಷಾಂತರ ಜನರ ನಗರ. ಆದರೆ ಅವನ ಕೂಗು ನೆಲ ಮುಟ್ಟುವುದಿಲ್ಲ. ಇಷ್ಟೇ ಕತೆ.

ಈ ಚಿತ್ರ ನೋಡಿದ ಮಿತ್ರರನ್ನು ನಾನು ವಿಚಾರಿಸಿದಾಗ ದೊರೆತ ಅಭಿಪ್ರಾಯಗಳು ಮೂರು ತೆರನಾಗಿದ್ದವು. ಮೊದಲನೆಯವರು, "ಒಂದು ಕೋಣೆ, ಒಬ್ಬ ಮನುಷ್ಯ, ಅಷ್ಟು ಹೊತ್ತು ನೋಡುವುದೇನು?" ಎಂದು ಬೇಸರಪಟ್ಟವರು. ಎರಡನೆಯವರು, ಸಸ್ಯಾಹಾರಿಯಾದ ನಾಯಕ ಹಸಿವು ತಾಳಲಾರದೆ ಹುಳುಹುಪ್ಪಟೆಗಳನ್ನೂ ಪಾರಿವಾಳವನ್ನೂ ತಿನ್ನುವ ದೃಶ್ಯಕ್ಕೆ ಮುಖ ತಿರುಗಿಸಿಕೊಂಡವರು. ಮೂರನೆಯವರು ನಾನು ಆಗಲೇ ಹೇಳಿದ ಸಲಹೆಗಾರರು. ಫೋನಿನಲ್ಲಿ ಜೀವವಿದ್ದಾಗ ಅದನ್ನು ಜಾಣತನದಿಂದ ಬಳಸಬೇಕಿತ್ತು, ಮೊದಲ ದಿನವೇ ಕಿಟಕಿಯ ಸರಳಿಗೆ ಕೈಹಾಕಬೇಕಿತ್ತು, ಬೀಗದ ಕೈಯನ್ನು ಬಾಗಿಲಲ್ಲಿ ಬಿಡಲೇಬಾರದಿತ್ತು ಎನ್ನುವವರು.

ಬೇಸರದ ಮಾತಿಗೆ ಉತ್ತರ ಸುಲಭ. ಹಣವಿಲ್ಲದ ಚಿತ್ರಕ್ಕೆ ತೋರಿಸಲು ವಸ್ತುಗಳು ಕಡಿಮೆ. ಆದ್ದರಿಂದ ಇರುವ ವಸ್ತುವಿನ ಬೆಲೆ ಹೆಚ್ಚುತ್ತದೆ. ಮಳೆ ಬಂದಾಗ ಪಾತ್ರೆಗೆ ಬೀಳುವ ಹನಿ ಇಲ್ಲಿ ಒಂದು ಯುದ್ಧದ ಗೆಲುವಿನಷ್ಟು ದೊಡ್ಡದು. 2010ರಲ್ಲಿ ಬಂದ 'ಬರೀಡ್' ಚಿತ್ರ ಇನ್ನೂ ಮುಂದೆ ಹೋಯಿತು. ಸ್ಪೇನಿನ ರೊಡ್ರಿಗೊ ಕೊರ್ತೆಸ್ ಅದನ್ನು ಬಾರ್ಸಿಲೋನಾದಲ್ಲಿ 17 ದಿನಗಳಲ್ಲಿ ಚಿತ್ರಿಸಿದರು. ಇರಾಕಿನಲ್ಲಿ ದುಡಿಯಲು ಹೋದ ಅಮೆರಿಕದ ಲಾರಿ ಚಾಲಕನೊಬ್ಬನನ್ನು ಜೀವಂತವಾಗಿ ಹೂಳಲಾಗಿದೆ. ಅವನ ಬಳಿ ಇರುವುದು ಒಂದು ಲೈಟರು, ಒಂದು ಫೋನು, ಮತ್ತೆ ಕೆಲವು ಚಿಲ್ಲರೆ ಸಾಮಾನು. ಕ್ಯಾಮೆರಾ ಅವನೊಡನೆ ಶವಪೆಟ್ಟಿಗೆಯಲ್ಲೇ ಉಳಿಯುತ್ತದೆ. ಅದರ ಅಂತ್ಯವನ್ನು ಇಲ್ಲಿ ಹೇಳುವುದು ಸರಿಯಲ್ಲ. ಆ ಅಂತ್ಯಕ್ಕೆ ಸಿಟ್ಟಾದವರು ಬಹಳ ಮಂದಿ ಎಂದಷ್ಟೇ ಹೇಳುತ್ತೇನೆ. ಅಂಥ ಸಿಟ್ಟು ಬರಬೇಕಾದರೆ ನೋಡುಗನೂ ಆ ಪೆಟ್ಟಿಗೆಯೊಳಗೆ ಮಲಗಿದ್ದಿರಬೇಕಲ್ಲವೆ?

ಎರಡನೆಯ ಆಕ್ಷೇಪಕ್ಕೆ ನಮ್ಮ ಆಲಂಕಾರಿಕರಲ್ಲೇ ಸಮಾಧಾನವಿದೆ. ಬೀಭತ್ಸವನ್ನೂ ಭಯಾನಕವನ್ನೂ ಅವರು ರಸಗಳ ಸಾಲಿನಿಂದ ಹೊರಗಿಡಲಿಲ್ಲ. ಅಸಹ್ಯಪಡುವವನು ನಾಯಕನ ಹಸಿವನ್ನು ಅನುಭವಿಸದೆ ಅವನ ಊಟವನ್ನಷ್ಟೇ ನೋಡಿದ್ದಾನೆ, ಅಷ್ಟೆ. "ಮನುಷ್ಯನಾದವನು ಇಷ್ಟು ದಿನ ಬದುಕಿರಲು ಸಾಧ್ಯವೆ?" ಎನ್ನುವವರೂ ಉಂಟು. ಅವರಿಗೆ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರನ್ನು ನೆನಪಿಸಬೇಕಾಗುತ್ತದೆ. 2016ರ ಫೆಬ್ರವರಿಯಲ್ಲಿ, ಸಿಯಾಚಿನ್ನಿನ 19 ಸಾವಿರ ಅಡಿಗೂ ಮೀರಿದ ಎತ್ತರದಲ್ಲಿ, ಹಿಮರಾಶಿಯಡಿ ಹೂತುಹೋಗಿದ್ದ ಅವರು 6 ದಿನಗಳ ತರುವಾಯ ಜೀವಸಹಿತ ದೊರೆತರು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಯಾರೂ ಉಳಿದಿರಲಾರರೆಂಬ ಮಾತು ಹೊರಬಿದ್ದ ಮೇಲೂ ಅಗೆಯುವವರು ಅಗೆಯುವುದನ್ನು ನಿಲ್ಲಿಸಿರಲಿಲ್ಲ ಎಂಬುದನ್ನು ಮರೆಯಬಾರದು.

ಇನ್ನು ಸಲಹೆಗಾರರ ಮಾತು. ಇದು ಮೇಲೆ ನೋಡಲು ಒಂದೇ ಆಗಿದ್ದರೂ ಒಳಗೆ ಎರಡು. ಚಿತ್ರ ನಡೆಯುತ್ತಿರುವಾಗ, ಕುರ್ಚಿಯ ತುದಿಗೆ ಬಂದು, "ಅಯ್ಯೋ, ಆ ಕಡೆ ಹೋಗಬೇಡಪ್ಪ!" ಎನ್ನುವವನು ನಾಯಕನ ಜೊತೆಗೇ ಸೆರೆಯಾದವನು. ಅವನ ಸಲಹೆ ಸಹಾನುಭೂತಿಯ ಇನ್ನೊಂದು ರೂಪ. ಆದರೆ ದೀಪ ಹತ್ತಿ, ಹೊರಬಂದು, ಕಾಫಿ ಹೀರುತ್ತ, "ನಾನಾಗಿದ್ದರೆ ಹಾಗೆ ಸಿಕ್ಕಿಬೀಳುತ್ತಿರಲಿಲ್ಲ" ಎನ್ನುವವನು ನ್ಯಾಯಾಧೀಶ. ಸಿಕ್ಕಿಬಿದ್ದವನು ದಡ್ಡನೆಂದು ತೀರ್ಮಾನವಾದರೆ, ಜಾಣನಾದ ತನಗೆ ಆ ಗತಿ ಬರಲಾರದೆಂಬ ನೆಮ್ಮದಿ ಅವನಿಗೆ ಬೇಕಾಗಿದೆ. ಈ ನೆಮ್ಮದಿಗಾಗಿ ನಾವು ಚಿತ್ರಮಂದಿರದ ಹೊರಗೂ ಇದೇ ತೀರ್ಪು ಕೊಡುತ್ತೇವೆ. ಕೊಳವೆಬಾವಿಗೆ ಮಗು ಬಿದ್ದರೆ ತಾಯಿಯ ಅಜಾಗ್ರತೆ. ಹಳೆಯ ಕಟ್ಟಡ ಕುಸಿದರೆ ಅಲ್ಲಿ ವಾಸಕ್ಕೆ ಹೋದವರ ಅವಿವೇಕ. ಬಾವಿಯ ಬಾಯಿ ಮುಚ್ಚದೆ ಬಿಟ್ಟವನ ಹೆಸರು ಆಮೇಲೆ ಬರುತ್ತದೆ, ಬಂದರೆ.

ನಮ್ಮ ಜನಕ್ಕೆ ಸಿಕ್ಕಿಬಿದ್ದವನ ಕತೆ ಹೊಸದೇನೂ ಅಲ್ಲ. ಒಳಹೋಗುವುದನ್ನು ಬಲ್ಲ, ಹೊರಬರುವುದನ್ನು ಅರಿಯದ ಅಭಿಮನ್ಯುವಿನ ಆಟವನ್ನು ಇರುಳಿಡೀ ಕುಳಿತು ನೋಡಿದವರು ನಾವು. ಅರ್ಧ ವಿದ್ಯೆ ನಂಬಿ ಪದ್ಮವ್ಯೂಹಕ್ಕೆ ನುಗ್ಗಿದ ಬಾಲಕನನ್ನು ಬಯಲಾಟದ ಪ್ರೇಕ್ಷಕ ದಡ್ಡನೆಂದು ಜರೆಯುವುದಿಲ್ಲ. ಸೈಂಧವ ದಾರಿ ಕಟ್ಟಿದನಲ್ಲ ಎಂದು ಕುದಿಯುತ್ತಾನೆ. ಹೊರಗುಳಿದ ಭೀಮಾದಿಗಳು ಒಳಗೆ ಬರಲಾರದೆ ಹೋದರಲ್ಲ ಎಂದು ಮರುಗುತ್ತಾನೆ. ಅವನ ಪ್ರಶ್ನೆ ಕೋಟೆಯ ಹೊರಗಿನವರನ್ನು ಮುಟ್ಟುತ್ತದೆ.

'ಟ್ರ್ಯಾಪ್ಡ್' ನೋಡಿದವರಲ್ಲಿ ಈ ಪ್ರಶ್ನೆ ಕೇಳಿದವರನ್ನು ನಾನು ಕಂಡದ್ದು ಬಹಳ ವಿರಳ. ಶೌರ್ಯನ ತಪ್ಪುಗಳನ್ನು ಬೆರಳು ಮಡಿಸಿ ಎಣಿಸಿದವರು, ಎರಡು ದಿನದಲ್ಲಿ ನೆಟ್ಟಗೆ ಒಂದು ಮನೆ ದೊರಕದ ನಗರದ ತಪ್ಪನ್ನು ಎಣಿಸಲಿಲ್ಲ. ಜನವಾಸಕ್ಕೆ ಸಿದ್ಧವಿಲ್ಲದ ಮನೆಯನ್ನು ಹಣಕ್ಕಾಗಿ ಕೊಟ್ಟವನನ್ನು ಕೇಳಲಿಲ್ಲ. ಅಷ್ಟು ದಿನ ಆ ಕಟ್ಟಡದ ಬುಡದಲ್ಲಿ ನಡೆದಾಡಿದ ಸಾವಿರಾರು ಮಂದಿಯಲ್ಲಿ ಒಬ್ಬನಾದರೂ ಏಕೆ ಕತ್ತೆತ್ತಿ ನೋಡಲಿಲ್ಲ ಎನ್ನಲಿಲ್ಲ. ಆ ಸಾವಿರಾರು ಮಂದಿಯಲ್ಲಿ ನಾವೂ ಸೇರಿದ್ದೇವಾದ್ದರಿಂದ ಕೇಳಲು ಸಂಕೋಚವಾಯಿತೋ ಏನೋ.

ಇಂಥ ಚಿತ್ರವನ್ನು ಅಳೆಯಲು ನನಗೆ ತೋರುವ ಅಳತೆಗೋಲು ಇದು: ನೋಡುಗನನ್ನು ಅದು ಜಾಣನನ್ನಾಗಿ ಮಾಡಿ ಕಳುಹಿಸುತ್ತದೆಯೋ, ಕಿವಿಯುಳ್ಳವನನ್ನಾಗಿ ಮಾಡಿ ಕಳುಹಿಸುತ್ತದೆಯೋ? ಬೀಗದ ಕೈಯನ್ನು ಜೋಪಾನವಾಗಿಡಬೇಕೆಂಬ ಪಾಠಕ್ಕೆ ಚಿತ್ರಮಂದಿರಕ್ಕೆ ಹೋಗಬೇಕಾಗಿಲ್ಲ. ಅದನ್ನು ಮನೆಯ ಹಿರಿಯರೇ ಹೇಳುತ್ತಾರೆ. ನಾಲ್ಕು ದಿನದಿಂದ ತೆರೆಯದ ಎದುರು ಮನೆಯ ಬಾಗಿಲನ್ನು ಒಮ್ಮೆ ತಟ್ಟಿ ನೋಡಬೇಕೆನ್ನಿಸಿದರೆ, ಆ ಚಿತ್ರಕ್ಕೆ ಕೊಟ್ಟ ಹಣ ವ್ಯರ್ಥವಾಗಲಿಲ್ಲ.