ಕಾಲೇಜಿನ ಗಂಟೆಗಳು, ಅಳಿವೆಯ ಲೆಕ್ಕ

(ಘಟ್ಟದ ಮೇಲಿನ ಹಾಗೂ ಕರಾವಳಿಯ ಪದವಿ ವಿದ್ಯಾರ್ಥಿಗಳು ಮತ್ತು ಗ್ರಾಮಸ್ಥರು ತದಡಿಯಲ್ಲಿ ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಇಳಿತದ ಹೊತ್ತಿನಲ್ಲಿ ತದಡಿಯ ದಡದಿಂದ ಕಾಣುವ ಕೆಸರು ಬಯಲು ದೂರದ ಕಚೇರಿಯ ನಕ್ಷೆಯಲ್ಲಿ ಖಾಲಿ ಜಾಗ. ಬುಟ್ಟಿ ಹಿಡಿದು ನೀರಿಗಿಳಿದು ಚಿಪ್ಪಿಕಲ್ಲು ಆರಿಸುವ ಹೆಂಗಸಿಗೆ ಅದೇ ಬಯಲು ದಿನದ ಅನ್ನ ಕೊಡುವ ಹೊಲ. ಈ ಎರಡು ನೋಟಗಳು ಎದುರಾದಾಗ ಯಾವುದು ಗೆಲ್ಲುತ್ತದೆ ಎಂಬುದು ಬಹುಮಟ್ಟಿಗೆ ದಾಖಲೆಯನ್ನು ಅವಲಂಬಿಸಿದೆ. ಲೆಕ್ಕಕ್ಕೆ ಸಿಗದ ಬದುಕು ಸರ್ಕಾರದ ಕಡತದಲ್ಲಿ ಇಲ್ಲದ ಬದುಕು. ಆ ಲೆಕ್ಕ ಬರೆಯಲು ಬೇಕಾದ ಸಮಯ, ಕೈಗಳು ಮತ್ತು ಅಲ್ಪಸ್ವಲ್ಪ ಉಪಕರಣಗಳು ಈ ಸೀಮೆಯ ಕಾಲೇಜುಗಳಲ್ಲಿಯೇ ಇವೆ. ಅವು ಇಲ್ಲಿಗೆ ತಲುಪುವುದು ಹೇಗೆ ಎಂಬುದೇ ಇಂದಿನ ಮಾತಿನ ವಿಷಯ.

ಮೊದಲಿಗೆ ತದಡಿಯ ಅನುಭವವನ್ನು ನೆನೆಯಬೇಕು. 2006ರ ಸುಮಾರಿಗೆ ಇಲ್ಲಿ 4,000 ಮೆಗಾವಾಟ್ ಸಾಮರ್ಥ್ಯದ ಬೃಹತ್ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂತು. ಮೀನುಗಾರರು, ಗಜನಿ ರೈತರು, ಚಿಪ್ಪಿಕಲ್ಲು ಆರಿಸುವವರು ಒಟ್ಟಾಗಿ ವಿರೋಧಿಸಿದರು. ಆ ಹೊತ್ತಿಗೆ ಎದ್ದ ಪ್ರಶ್ನೆ ಸರಳವಾಗಿತ್ತು: ಈ ಅಳಿವೆಯಿಂದ ಎಷ್ಟು ಜನ ಬದುಕುತ್ತಾರೆ? ಊರಿನವರೆಲ್ಲರಿಗೂ ಉತ್ತರ ಗೊತ್ತಿತ್ತು. ಕಾಗದದ ಮೇಲೆ ಮಾತ್ರ ಇರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ತಂಡ ದಡದ ಹಳ್ಳಿಗಳನ್ನು ಸುತ್ತಿ 2008ರಲ್ಲಿ ಚಿಪ್ಪಿಕಲ್ಲುಗಳ ಆರ್ಥಿಕ ಮೌಲ್ಯದ ವರದಿಯನ್ನು ಹೊರತಂದಿತು. ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪಿಕಲ್ಲು, ಅಂದಿನ ಬೆಲೆಯಲ್ಲಿ ಸುಮಾರು 5 ಕೋಟಿ 78 ಲಕ್ಷ ರೂಪಾಯಿ ಉತ್ಪನ್ನ, ನೇರವಾಗಿ ದುಡಿಯುವವರು ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ಎಂದು ಅದು ಅಂದಾಜು ಮಾಡಿತು. ಆ ಅಧ್ಯಯನದಲ್ಲಿ ಪಾಲ್ಗೊಂಡ ಡಾ. ಎಂ.ಡಿ. ಸುಭಾಷ್‌ಚಂದ್ರನ್ ಕುಮಟಾದ ಡಾ. ಎ.ವಿ. ಬಾಳಿಗಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ವಿದ್ಯುತ್ ಸ್ಥಾವರದ ಯೋಜನೆ ಕೈಬಿಟ್ಟುಹೋಯಿತು. ಅದಕ್ಕೆ ಮುಖ್ಯ ಕಾರಣ ಜನರ ಹೋರಾಟ. ಹೋರಾಟದ ಮಾತಿಗೆ ತೂಕ ಕೊಟ್ಟದ್ದರಲ್ಲಿ ಇಂಥ ಲೆಕ್ಕಗಳ ಪಾಲೂ ಇದೆ.

ಮುಂದೆ 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸರ್ ತಾಣಗಳ ಪಟ್ಟಿಗೆ ಸೇರಿತು. ಆ ಪ್ರಕಟಣೆಯಲ್ಲಿರುವ ಅಂಕಿಗಳನ್ನು ನೋಡಬೇಕು: 66 ಜಾತಿಯ ನೀರಹಕ್ಕಿಗಳು, 43 ಸಾವಿರಕ್ಕೂ ಮೇಲ್ಪಟ್ಟ ಹಕ್ಕಿಗಳ ಎಣಿಕೆ, ಆರು ಸಾವಿರದಿಂದ ಏಳೂವರೆ ಸಾವಿರ ಕುಟುಂಬಗಳ ಜೀವನಾಧಾರ. ಇವುಗಳಲ್ಲಿ ಯಾವ ಅಂಕಿಯೂ ತಾನಾಗಿ ಬಂದದ್ದಲ್ಲ. ಯಾರೋ ಬೆಳಗಿನ ಜಾವ ಎದ್ದು ಕೆಸರಿನ ಅಂಚಿನಲ್ಲಿ ನಿಂತು ಹಕ್ಕಿ ಎಣಿಸಿದ್ದಾರೆ. ಯಾರೋ ಮನೆಮನೆಗೆ ಹೋಗಿ ಕೇಳಿದ್ದಾರೆ.

ಹಾಗಾದರೆ ಪದವಿ ವಿದ್ಯಾರ್ಥಿಯ ಕೈಯಲ್ಲಿ ಏನಿದೆ? ಸಾಮಾನ್ಯವಾಗಿ ತಿಳಿದುಕೊಂಡಿರುವುದಕ್ಕಿಂತ ಹೆಚ್ಚು ಇದೆ. ಗಾಂಧಿ ಶತಾಬ್ದಿಯ ವರ್ಷ, 1969ರಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕ ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು. ಜೊತೆಗೆ ಏಳು ದಿನಗಳ ವಿಶೇಷ ಶಿಬಿರ. ಸುಪ್ರೀಂ ಕೋರ್ಟ್ 1991ರಲ್ಲಿ ನೀಡಿದ ನಿರ್ದೇಶನದ ಫಲವಾಗಿ ಪದವಿ ತರಗತಿಗಳಿಗೆ ಪರಿಸರ ಅಧ್ಯಯನ ಕಡ್ಡಾಯ ವಿಷಯವಾಯಿತು. ಅದಕ್ಕಾಗಿ ವಿಶ್ವವಿದ್ಯಾಲಯ ಅನುದಾನ ಆಯೋಗ ರೂಪಿಸಿದ ಮೊದಲ ಪಠ್ಯಕ್ರಮದಲ್ಲಿಯೇ ನೂರು ಅಂಕಗಳ ಪೈಕಿ 25 ಅಂಕ ಕ್ಷೇತ್ರಕಾರ್ಯಕ್ಕೆ ಮೀಸಲಾಗಿತ್ತು: ಹತ್ತಿರದ ನದಿ, ಕಾಡು, ಗುಡ್ಡವನ್ನು ನೋಡಿ ದಾಖಲಿಸುವುದು. ಇವುಗಳ ಜೊತೆಗೆ ಅಂತಿಮ ವರ್ಷದ ಕಿರುಸಂಶೋಧನೆ, ಪರಿಸರ ಸಂಘ, ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ದೇಶದ ಕಾಲೇಜು ಆವರಣಗಳಲ್ಲಿ ನಡೆಯುವ ಹಕ್ಕಿ ಎಣಿಕೆ, ಜನವರಿಯಲ್ಲಿ ನಡೆಯುವ ಏಷ್ಯಾದ ನೀರಹಕ್ಕಿ ಗಣತಿ ಇವೆ.

ಈ ಗಂಟೆಗಳು ಎಲ್ಲಿ ಕಳೆದುಹೋಗುತ್ತವೆ ಎಂಬುದು ವಿದ್ಯಾರ್ಥಿಗಳಿಗೇ ಗೊತ್ತು. ಆವರಣದ ಕಸ ಗುಡಿಸುವುದು, ಪರಿಸರ ದಿನದಂದು ಗಿಡ ನೆಡುವುದು, ಹಿರಿಯ ವಿದ್ಯಾರ್ಥಿಯ ಕಡತವನ್ನು ಅಕ್ಷರ ಬದಲಿಸದೆ ನಕಲು ಮಾಡುವುದು. ಇದರಲ್ಲಿ ವಿದ್ಯಾರ್ಥಿಯನ್ನಷ್ಟೇ ದೂರುವಂತಿಲ್ಲ. ಕೆಲಸದಿಂದ ಯಾರಿಗೂ ಉಪಯೋಗವಿಲ್ಲ ಎಂದು ತಿಳಿದಾಗ ಅದನ್ನು ಶ್ರದ್ಧೆಯಿಂದ ಮಾಡಲು ಯಾರಿಗೂ ಮನಸ್ಸು ಬಾರದು. ವರದಿ ಅಂಕ ಪಡೆದ ಮೇಲೆ ಕಪಾಟು ಸೇರುತ್ತದೆ. ಅದರಲ್ಲಿ ಹೆಸರಿಸಿದ ಹಳ್ಳಿಗೆ ಅದು ಬಂದದ್ದೂ ಇಲ್ಲ, ಹೋದದ್ದೂ ಇಲ್ಲ. ಬದಲಾಗಬೇಕಾದದ್ದು ಇದೇ. ವಿದ್ಯಾರ್ಥಿಯ ಟಿಪ್ಪಣಿ ಪುಸ್ತಕ ಪರೀಕ್ಷಕನಿಗೆ ಎಷ್ಟು ಸಲ್ಲುತ್ತದೆಯೋ ಊರಿಗೂ ಅಷ್ಟೇ ಸಲ್ಲುವಂತಾಗಬೇಕು.

ಉತ್ತರ ಕನ್ನಡದಲ್ಲಿ ಇದಕ್ಕೆ ಹಿಂದಿನ ಮೇಲ್ಪಂಕ್ತಿಗಳಿವೆ. 1970ರ ದಶಕದಲ್ಲಿ ಪ್ರೊ. ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಈ ಜಿಲ್ಲೆಯ ಬಿದಿರನ್ನು ಅಧ್ಯಯನ ಮಾಡಿದರು. ಕಾಗದ ಕಾರ್ಖಾನೆಗಾಗಿ ಬಿದಿರು ಕಡಿಯುವಾಗ ಮೆಳೆಯ ಬುಡದ ಮುಳ್ಳು ಸವರುವುದು ಒಳ್ಳೆಯದು ಎಂಬುದು ಅಂದಿನ ಅಧಿಕೃತ ತಿಳುವಳಿಕೆ. ಮುಳ್ಳು ಹೋದರೆ ಎಳೆಯ ಕಳಲೆ ದನಗಳ ಮತ್ತು ಕಾಡುಪ್ರಾಣಿಗಳ ಬಾಯಿಗೆ ಬೀಳುತ್ತದೆ ಎಂದು ಹಳ್ಳಿಯವರು ಹೇಳುತ್ತಿದ್ದರು. ಮೆಳೆಗಳನ್ನು ಗುರುತಿಸಿ ಕಳಲೆಗಳನ್ನು ಎಣಿಸಿ ನೋಡಿದಾಗ ಹಳ್ಳಿಯವರ ಮಾತೇ ನಿಜವಾಯಿತು. ಬಿದಿರಿನ ದಾಸ್ತಾನನ್ನು ವಾಸ್ತವಕ್ಕಿಂತ ಹಲವು ಪಟ್ಟು ಹೆಚ್ಚಾಗಿ ಅಂದಾಜಿಸಲಾಗಿತ್ತು ಎಂಬುದೂ ಹೊರಬಿತ್ತು. ಮುಂದೆ 1990ರ ದಶಕದಲ್ಲಿ ಪಶ್ಚಿಮ ಘಟ್ಟದ ಹಲವು ಕಾಲೇಜುಗಳ ಅಧ್ಯಾಪಕರು, ವಿದ್ಯಾರ್ಥಿಗಳು ಒಂದು ಜಾಲವಾಗಿ ಸೇರಿ ತಮ್ಮ ಸುತ್ತಲಿನ ಗಿಡಮರ, ಹಕ್ಕಿ, ಚಿಟ್ಟೆಗಳನ್ನು ದಾಖಲಿಸಿದರು. ಅದೇ ದಶಕದಲ್ಲಿ ಜನತಾ ಜೀವವೈವಿಧ್ಯ ದಾಖಲಾತಿಯ ಪ್ರಯೋಗಗಳು ನಡೆದವು.

ಆ ಕಲ್ಪನೆ 2002ರ ಜೀವವೈವಿಧ್ಯ ಕಾಯ್ದೆ ಮತ್ತು 2004ರ ನಿಯಮಗಳ ಮೂಲಕ ಕಾನೂನಿನ ರೂಪ ಪಡೆಯಿತು. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಜನರೊಡನೆ ಸಮಾಲೋಚಿಸಿ ದಾಖಲಾತಿ ಸಿದ್ಧಪಡಿಸಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದಕ್ಕೆ 2020ರ ಜನವರಿ 31ರ ಗಡುವು ವಿಧಿಸಿದಾಗ ದೇಶದ ಹಲವೆಡೆ ದಾಖಲಾತಿಗಳು ತರಾತುರಿಯಲ್ಲಿ ತಯಾರಾದವು. ತಮ್ಮ ಪಂಚಾಯಿತಿಯ ದಾಖಲಾತಿ ಎಲ್ಲಿದೆ, ಅದರಲ್ಲಿ ಏನು ಬರೆದಿದೆ, ಏನು ಬಿಟ್ಟುಹೋಗಿದೆ ಎಂದು ಓದಿ ನೋಡುವುದು ವಿದ್ಯಾರ್ಥಿ ತಂಡವೊಂದರ ಮೊದಲ ಕೆಲಸವಾಗಬಹುದು.

ಎರಡನೆಯ ಕೆಲಸಕ್ಕೆ ಈ ಸೀಮೆಯೇ ಪ್ರಯೋಗಶಾಲೆ. ಕುಮಟಾ ತಾಲ್ಲೂಕಿನ ಅಘನಾಶಿನಿ ಮತ್ತು ಹೊನ್ನಾವರದ ಶರಾವತಿ ನೆರೆಹೊರೆಯ ನದಿಗಳು. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಆಣೆಕಟ್ಟು ಬಂತು, ಅನಂತರ ಗೇರುಸೊಪ್ಪೆಯಲ್ಲಿ ಇನ್ನೊಂದು. ವಿದ್ಯುತ್ ಉತ್ಪಾದನೆಯ ಸಿಹಿನೀರು ವರ್ಷವಿಡೀ ಹರಿದುಬರುವುದರಿಂದ ಆ ಅಳಿವೆಯ ಉಪ್ಪಿನಂಶ ಇಳಿದು, ಚಿಪ್ಪಿಕಲ್ಲು ಮತ್ತು ಮೀನಿನ ವೈವಿಧ್ಯ ಕುಗ್ಗಿರುವುದನ್ನು ಅಧ್ಯಯನಗಳು ತೋರಿಸಿವೆ. ಅಘನಾಶಿನಿ ಇಂದಿಗೂ ಆಣೆಕಟ್ಟಿಲ್ಲದೆ ಹರಿಯುವ ನದಿ. ಮಳೆಗಾಲದ ಸಿಹಿನೀರು, ಬೇಸಿಗೆಯ ಉಪ್ಪುನೀರು ಎಂಬ ಋತುಕ್ರಮದ ಮೇಲೆಯೇ ಇಲ್ಲಿನ ಬೆಳಚು, ಗಜನಿಯ ಕಗ್ಗ ಭತ್ತ, ಸಾಣಿಕಟ್ಟೆಯ ಉಪ್ಪು ಮೂರೂ ನಿಂತಿವೆ. 2025ರಲ್ಲಿ ಅಘನಾಶಿನಿ–ವೇದಾವತಿ ನದಿ ಜೋಡಣೆಯ ಪ್ರಸ್ತಾಪ ಚರ್ಚೆಗೆ ಬಂದಾಗ ಘಟ್ಟದ ಮೇಲಿನವರೂ ಕೆಳಗಿನವರೂ ಆತಂಕಪಟ್ಟದ್ದು ಇದಕ್ಕಾಗಿಯೇ. ಮೇಲೆ ನೀರು ತಿರುಗಿಸಿದರೆ ಕೆಳಗೆ ಏನಾಗುತ್ತದೆ ಎಂದು ಹೇಳಲು, ತಿರುಗಿಸುವ ಮೊದಲು ಏನಿತ್ತು ಎಂಬುದರ ಲೆಕ್ಕ ಬೇಕು.

ಆ ಲೆಕ್ಕ ದುಬಾರಿಯಲ್ಲ. ತಿಂಗಳಿಗೊಮ್ಮೆ, ಅಮಾವಾಸ್ಯೆಯ ಮಾರನೆಯ ದಿನ ಎಂದಿಟ್ಟುಕೊಳ್ಳೋಣ, ಅದೇ ಜಾಗದಲ್ಲಿ, ಅದೇ ಇಳಿತದ ಹೊತ್ತಿನಲ್ಲಿ ನೀರಿನ ಉಪ್ಪಿನಂಶ ಅಳೆಯುವುದು. ಅಂದು ಚಿಪ್ಪಿಕಲ್ಲಿಗೆ ಇಳಿದವರೆಷ್ಟು, ಒಂದು ಬುಟ್ಟಿಯ ತೂಕವೆಷ್ಟು, ದರವೆಷ್ಟು ಎಂದು ಬರೆಯುವುದು. ಹಕ್ಕಿಗಳನ್ನು ಎಣಿಸುವುದು. ಹೊನ್ನಾವರದ ವಿದ್ಯಾರ್ಥಿಗಳು ಶರಾವತಿಯಲ್ಲಿ ಇದನ್ನೇ ಮಾಡಿದರೆ ಎರಡನ್ನೂ ಹೋಲಿಸಬಹುದು. ಸಿರ್ಸಿ, ಸಿದ್ದಾಪುರದ ವಿದ್ಯಾರ್ಥಿಗಳು ತಮ್ಮೂರಿನ ಹಳ್ಳದಲ್ಲಿ ನೀರು ಯಾವ ತಿಂಗಳವರೆಗೆ ಹರಿಯುತ್ತದೆ ಎಂದು ಬರೆದಿಟ್ಟರೆ ಒಂದೇ ನದಿಯ ಲೆಕ್ಕ ಮೇಲಿನಿಂದ ಕೆಳಗಿನವರೆಗೆ ಪೂರ್ಣವಾಗುತ್ತದೆ. ವಿಜ್ಞಾನದವರಿಗಷ್ಟೇ ಇದು ಮೀಸಲಲ್ಲ. ವಾಣಿಜ್ಯ ವಿದ್ಯಾರ್ಥಿ ಚಿಪ್ಪಿಕಲ್ಲಿನ ಮಾರುಕಟ್ಟೆಯನ್ನು ಹಿಂಬಾಲಿಸಬಹುದು. ಕನ್ನಡ ವಿದ್ಯಾರ್ಥಿ ಮೀನು, ಬಲೆ, ಕಟ್ಟುಗಳ ಸ್ಥಳೀಯ ಹೆಸರುಗಳನ್ನು ಕೂಡಿಸಬಹುದು. ಒಬ್ಬ ವಿದ್ಯಾರ್ಥಿ ಮೂರು ವರ್ಷದಲ್ಲಿ ಹೊರಟುಹೋಗುತ್ತಾನೆ; ಪುಸ್ತಕ ಮುಂದಿನ ತಂಡಕ್ಕೆ ಹಸ್ತಾಂತರವಾದರೆ ಹತ್ತು ವರ್ಷದ ದಾಖಲೆಯಾಗುತ್ತದೆ.

ಅಡಚಣೆಗಳಿಲ್ಲವೆಂದಲ್ಲ. ಬಸ್ಸಿನ ಖರ್ಚು, ಕೊನೆಯ ಬಸ್ಸಿನ ಚಿಂತೆ, ಹೆಣ್ಣುಮಕ್ಕಳನ್ನು ಕಳಿಸಲು ಮನೆಯವರ ಹಿಂಜರಿಕೆ, ಕೊಯ್ಲಿನ ಕಾಲದಲ್ಲಿ ತೋಟಕ್ಕೆ ಬೇಕಾದ ಕೈಗಳು ಇವೆಲ್ಲ ನಿಜವಾದ ತೊಡಕುಗಳು. ಇಲ್ಲಿ ಗ್ರಾಮಸ್ಥರ ಪಾತ್ರ ದೊಡ್ಡದು. ತಂಡಕ್ಕೆ ಒಂದು ಹೊತ್ತಿನ ಊಟ, ಉಳಿಯಲು ಶಾಲೆಯ ಕೊಠಡಿ, ಉಬ್ಬರ ಇಳಿತ ಬಲ್ಲ ಒಬ್ಬ ಹಿರಿಯರ ಜೊತೆ ಸಿಕ್ಕರೆ ಅರ್ಧ ತೊಡಕು ನೀಗುತ್ತದೆ. ಜೊತೆಯಿಲ್ಲದೆ ನೀರಿಗಿಳಿಯುವ ಸಾಹಸವನ್ನು ಯಾರೂ ಮಾಡಬಾರದು.

ವಿದ್ಯಾರ್ಥಿಗಳಿಗೂ ಒಂದು ಮರ್ಯಾದೆ ಇದೆ. ಕೇಳದೆ ಚಿತ್ರ ತೆಗೆಯುವುದು, ದುಡಿಯುವವರ ಹೊತ್ತು ಹಾಳುಮಾಡುವುದು, ಅವರ ತಿಳುವಳಿಕೆಯನ್ನು ತಮ್ಮ ಹೆಸರಿನಲ್ಲಿ ಬರೆದುಕೊಳ್ಳುವುದು ಸಲ್ಲದು. ಹೇಳಿದವರು ಬೇಡವೆಂದರೆ ಆ ಸಂಗತಿಯನ್ನು ಬರೆಯಬಾರದು. ವರದಿ ಕನ್ನಡದಲ್ಲಿರಬೇಕು, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು, ತಪ್ಪಿದ್ದರೆ ಅಲ್ಲಿಯೇ ತಿದ್ದಿಸಿಕೊಳ್ಳಬೇಕು. ಬುಟ್ಟಿಯ ತೂಕ ತಪ್ಪಾಗಿದೆ ಎಂದು ಹೇಳುವ ಹೆಂಗಸಿಗಿಂತ ಸಮರ್ಥ ಪರೀಕ್ಷಕರು ಆ ವಿಷಯಕ್ಕೆ ಸಿಗಲಾರರು.

ಇದರಿಂದ ಉದ್ಯೋಗ ಸಿಗುತ್ತದೆಯೇ ಎಂದು ಪೋಷಕರು ಕೇಳುವುದು ಸಹಜ. ಯಾರೂ ಭರವಸೆ ಕೊಡಲಾರರು. ಆದರೆ ಕಾರವಾರದ ಕಡಲಜೀವ ವಿಜ್ಞಾನ ವಿಭಾಗಕ್ಕೆ, ಸಿರ್ಸಿಯ ಅರಣ್ಯ ಮಹಾವಿದ್ಯಾಲಯಕ್ಕೆ ಅಥವಾ ದೂರದ ಸಂಶೋಧನಾ ಸಂಸ್ಥೆಗೆ ಹೋಗಬಯಸುವವನಿಗೆ ಸ್ವಂತ ಕೈಯಿಂದ ತುಂಬಿಸಿದ ಎರಡು ವರ್ಷದ ಪುಸ್ತಕ ಗಟ್ಟಿಯಾದ ಪರಿಚಯಪತ್ರ. ಊರಿನಲ್ಲಿಯೇ ಉಳಿಯುವವನಿಗೂ ಅದು ನಷ್ಟವಲ್ಲ. ಮುಂದೊಂದು ದಿನ ಸಾರ್ವಜನಿಕ ಅಹವಾಲು ಸಭೆಯಲ್ಲಿ ಎದ್ದು ನಿಂತು ತನ್ನ ಊರಿನ ಪರವಾಗಿ ಅಂಕಿಅಂಶ ಸಹಿತ ಮಾತನಾಡಬಲ್ಲವನು ಅವನೇ.

ಆದುದರಿಂದ ಈ ಸಭೆಯಿಂದ ಹೊರಡುವ ಮೊದಲು ಪ್ರತಿ ಕಾಲೇಜಿನ ತಂಡ ಮೂರು ಸಂಗತಿಗಳನ್ನು ನಿರ್ಧರಿಸಿಕೊಂಡರೆ ಸಾಕು: ಒಂದು ಜಾಗ, ತಿಂಗಳಿನಲ್ಲಿ ಒಂದು ದಿನ, ಆ ಪುಸ್ತಕವನ್ನು ಕಾಪಾಡುವ ಒಬ್ಬ ಅಧ್ಯಾಪಕರು. ಗ್ರಾಮಸ್ಥರು ಅಂದು ದಡದಲ್ಲಿ ಅವರನ್ನು ಎದುರುಗೊಳ್ಳಲಿ. 240 ಗಂಟೆಗಳಲ್ಲಿ ಮೊದಲ ಎರಡು ಗಂಟೆ ಮುಂದಿನ ಅಮಾವಾಸ್ಯೆಯ ಇಳಿತದಲ್ಲಿಯೇ ಆರಂಭವಾಗಬಹುದು.