ಸೈಕಲ್ ಸವಾರನೂ ಗಾಳಿಯ ತಡೆಯೂ



1989ರ ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆಯನ್ನು ಅಮೆರಿಕದ ಗ್ರೆಗ್ ಲೆಮಾಂಡ್ ಗೆದ್ದದ್ದು ಕೇವಲ 8 ಸೆಕೆಂಡುಗಳಿಂದ. ಕೊನೆಯ ದಿನ ಅವರು ಗಾಳಿಯ ತಡೆ ತಗ್ಗಿಸುವ ವಿಶೇಷ ಹ್ಯಾಂಡಲ್ ಬಳಸಿದ್ದರು. ವೇಗ ಇಮ್ಮಡಿಯಾದರೆ ಈ ತಡೆ ನಾಲ್ಕು ಪಟ್ಟಾಗುತ್ತದೆ.

ಇದನ್ನು ಅಳೆಯುವುದು ಹೇಗೆ? ಗಾಳಿ ಸುರಂಗದಲ್ಲಿ ಸವಾರನು ಇದ್ದಲ್ಲೇ ಪೆಡಲು ತುಳಿಯುತ್ತಾನೆ; ಫ್ಯಾನುಗಳು ಗಾಳಿ ಹಾಯಿಸುತ್ತವೆ; ತಕ್ಕಡಿಯಂಥ ಉಪಕರಣ ತಡೆಯ ಬಲವನ್ನು ತೋರಿಸುತ್ತದೆ. ರಸ್ತೆಯಲ್ಲಾದರೆ ಸವಾರನ ಶಕ್ತಿಯನ್ನು ಪವರ್ ಮೀಟರಿನಿಂದ ಅಳೆದು, ಟೈರಿನ ಘರ್ಷಣೆ, ಏರು-ಇಳಿವು, ವೇಗ ಬದಲಾವಣೆಗಳ ಪಾಲನ್ನು ಕಳೆಯಬೇಕು. ಉಳಿದದ್ದು ಗಾಳಿಯ ಪಾಲು. ಬೀಸುಗಾಳಿ ಈ ಲೆಕ್ಕವನ್ನು ಕೆಡಿಸುವುದರಿಂದ ಅದೇ ಹಾದಿಯಲ್ಲಿ ಹಲವು ಸುತ್ತು ಬರಬೇಕು.

ಸುರಂಗದ ಅಂಕಿ ನಿಖರ, ನಿಜ. ಆದರೆ ಅಲ್ಲಿ ಕೆಲವೇ ನಿಮಿಷ ಹಿಡಿದ ಭಂಗಿಯನ್ನು ದಾರಿಯುದ್ದಕ್ಕೂ ಉಳಿಸಿಕೊಳ್ಳಲಾಗದಿದ್ದರೆ ಏನು ಪ್ರಯೋಜನ? ಪ್ರಯೋಗಾಲಯದಲ್ಲಿ ಕಂಡದ್ದನ್ನು ಬಯಲಿನಲ್ಲಿಯೂ ಪರೀಕ್ಷಿಸಿರಿ. ಒಂದೇ ಅಳತೆಗೆ ತೃಪ್ತರಾಗಬೇಡಿರಿ.