ಕುಡಿಯುವ ನೀರಿನ ಪ್ಲಾಸ್ಟಿಕ್ ಕೊಳವೆಗಳು: ರಾಸಾಯನಿಕ ಮಾಲಿನ್ಯ ಮತ್ತು ಅದರ ನಿವಾರಣೆ



ಗೋಡೆಯೊಳಗೆ ಹುದುಗಿರುವ ನೀರಿನ ಕೊಳವೆಯನ್ನು ಕುರಿತು ನಾವು ಯೋಚಿಸುವುದು ಅಪರೂಪ. ನಲ್ಲಿ ತಿರುಗಿಸಿದೊಡನೆ ನೀರು ಬಂದರೆ ನಮಗೆ ಸಮಾಧಾನ. ಕಳೆದ ಕೆಲವು ದಶಕಗಳಲ್ಲಿ ಕಬ್ಬಿಣದ ಕೊಳವೆಗಳ ಸ್ಥಾನಕ್ಕೆ ಪಿ.ವಿ.ಸಿ. ಮತ್ತು ಪಾಲಿಥೀನ್ ಕೊಳವೆಗಳು ಬಂದಿವೆ. ಇವು ಹಗುರ; ತುಕ್ಕು ಹಿಡಿಯುವುದಿಲ್ಲ; ಬೆಲೆಯೂ ಕಡಿಮೆ. ಆದರೆ ಇವುಗಳ ಒಂದು ಗುಣವನ್ನು ಎಲ್ಲರೂ ಅರಿತಿರುವುದು ಅಗತ್ಯ. ಅದನ್ನು ವಿವರಿಸಲು ನೆರೆಯ ಆಂಧ್ರಪ್ರದೇಶದ ಎರಡು ನಗರಗಳಲ್ಲಿ ನಡೆದ ಘಟನೆಗಳನ್ನು ನೆನೆಯೋಣ.

2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಆರ್.ಆರ್. ವೆಂಕಟಾಪುರಂ ಬಳಿಯ ಎಲ್.ಜಿ. ಪಾಲಿಮರ್ಸ್ ಕಾರ್ಖಾನೆಯ ಸಂಗ್ರಹ ತೊಟ್ಟಿಯಿಂದ ಸ್ಟೈರೀನ್ ಆವಿ ಸೋರಿತು. 12 ಮಂದಿ ಅಸುನೀಗಿದರು. ನೂರಾರು ಜನರು ಆಸ್ಪತ್ರೆ ಸೇರಿದರು. ಆವಿ ಚದುರಿದ ಮೇಲೂ ನೀರಿನ ಚಿಂತೆ ಉಳಿಯಿತು. ಸಮೀಪದ ಮೇಘಾದ್ರಿಗೆಡ್ಡ ಜಲಾಶಯದ ಬಗೆಗೂ ಆತಂಕ ತಲೆದೋರಿತು.

2024ರ ಸೆಪ್ಟೆಂಬರ್ ಆರಂಭದಲ್ಲಿ ವಿಜಯವಾಡದ ಪಾಡು ಬೇರೆ ಬಗೆಯದು. ಬುಡಮೇರು ಹಳ್ಳ ಉಕ್ಕಿ ಸಿಂಗ್ ನಗರ ಮೊದಲಾದ ಬಡಾವಣೆಗಳು ದಿನಗಟ್ಟಲೆ ಜಲಾವೃತವಾದವು. ಇಂತಹ ನೆರೆಯ ನೀರಿನಲ್ಲಿ ಚರಂಡಿಯ ಕೊಳೆ, ಕೆಸರು, ಮುಳುಗಿದ ವಾಹನಗಳ ತೈಲ ಎಲ್ಲವೂ ಬೆರೆತಿರುವ ಸಂಭವವುಂಟು.

ಈ ಎರಡು ಬಗೆಯ ಮಾಲಿನ್ಯಗಳಿಗೆ ಮದ್ದು ಒಂದೇ ಅಲ್ಲ. ರೋಗಾಣುಗಳಾದರೆ ಕುದಿಸುವುದರಿಂದ ಅಥವಾ ಕ್ಲೋರಿನ್‌ನಿಂದ ಸಾಯುತ್ತವೆ. ಒಂದು ಸಾವಿರ ಲೀಟರ್ ತೊಟ್ಟಿಯನ್ನು ತೊಳೆದು, ನೀರು ತುಂಬಿಸಿ, ಸುಮಾರು 200 ಗ್ರಾಂ ಬ್ಲೀಚಿಂಗ್ ಪುಡಿಯನ್ನು ಕದಡಿದ ತಿಳಿಯನ್ನು ಬೆರೆಸಬೇಕು. ಪ್ರತಿಯೊಂದು ನಲ್ಲಿಯಲ್ಲಿಯೂ ಕ್ಲೋರಿನ್ ವಾಸನೆ ಬರುವವರೆಗೆ ನೀರು ಹರಿಸಿ, ರಾತ್ರಿಯಿಡೀ ಕೊಳವೆಯಲ್ಲಿ ನಿಲ್ಲಿಸಿ, ಮರುದಿನ ಪೂರ್ತಿ ಹೊರಚೆಲ್ಲಬೇಕು. ಈ ನೀರು ಕುಡಿಯಲು ತಕ್ಕುದಲ್ಲ. ಬ್ಲೀಚಿಂಗ್ ಪುಡಿಯೊಡನೆ ಆಮ್ಲವನ್ನು ಎಂದಿಗೂ ಬೆರೆಸಬಾರದು, ವಿಷಾನಿಲ ಹೊಮ್ಮುತ್ತದೆ.

ಆದರೆ ಸ್ಟೈರೀನ್, ಪೆಟ್ರೋಲಿನಲ್ಲಿರುವ ಬೆಂಜೀನ್ ಮೊದಲಾದ ದ್ರವಗಳಿಗೆ ಈ ಉಪಾಯ ನಡೆಯದು. ಲೋಹದ ಮೇಲಿನ ಕೊಳೆಯಂತೆ ಇವು ಕೊಳವೆಯ ಮೇಲ್ಮೈಯಲ್ಲಿ ನಿಲ್ಲುವುದಿಲ್ಲ. ಪ್ಲಾಸ್ಟಿಕ್‌ನ ಒಡಲಿಗೇ ಇಳಿಯುತ್ತವೆ. ಉಪ್ಪಿನಕಾಯಿ ಹಾಕಿಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ಎಷ್ಟು ತೊಳೆದರೂ ವಾಸನೆ ಹೋಗದಿರುವುದು ಗೃಹಿಣಿಯರಿಗೆಲ್ಲ ತಿಳಿದ ಸಂಗತಿ. ಕೊಳವೆಯೂ ಹಾಗೆಯೇ. ಒಮ್ಮೆ ಹೀರಿಕೊಂಡ ರಾಸಾಯನಿಕವನ್ನು ಅದು ಶುದ್ಧ ನೀರಿಗೆ ದಿನದಿನವೂ ಸ್ವಲ್ಪಸ್ವಲ್ಪವಾಗಿ ಮರಳಿ ಬಿಡುತ್ತದೆ. ಪಾಲಿಥೀನ್ ಬಹುಬೇಗ ಹೀರುತ್ತದೆ, ಗಟ್ಟಿ ಪಿ.ವಿ.ಸಿ. ಹೆಚ್ಚು ತಡೆಯುತ್ತದೆಯಾದರೂ ದ್ರಾವಕದ ಪ್ರಮಾಣ ಅಧಿಕವಾದರೆ ಅದೂ ಮೆತ್ತಗಾಗುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣದಲ್ಲಿ 2018ರ ಕಾಡ್ಗಿಚ್ಚಿನ ನಂತರ ನೀರಿನ ಜಾಲದಲ್ಲಿ ಬೆಂಜೀನ್ ಕಂಡುಬಂದಿತು. ಅಲ್ಲಿ ಮನೆಗಳಿಗೆ ಹೋಗುವ ಅನೇಕ ಕೊಳವೆಗಳನ್ನು ತೆಗೆದು ಹೊಸದನ್ನು ಹಾಕಬೇಕಾಯಿತು.

ಹೀಗಿರುವಾಗ ನಾವು ಮಾಡಬೇಕಾದುದೇನು? ಮೊದಲನೆಯದಾಗಿ, ಸಂಶಯ ಬಂದೊಡನೆ ಆ ನೀರನ್ನು ಕುಡಿಯುವುದನ್ನೂ ಅಡುಗೆಗೆ ಬಳಸುವುದನ್ನೂ ನಿಲ್ಲಿಸಬೇಕು. ಕುದಿಸಲೂಬಾರದು, ಆವಿಯಾಗುವ ವಿಷ ಅಡುಗೆಮನೆಯ ಗಾಳಿಗೆ ಸೇರುತ್ತದೆ. ಬಿಸಿನೀರಿನ ಸ್ನಾನಕ್ಕೂ ಇದೇ ಮಾತು ಅನ್ವಯಿಸುತ್ತದೆ. ಎರಡನೆಯದಾಗಿ, ಸಂಪು ಮತ್ತು ಮೇಲಿನ ತೊಟ್ಟಿಯನ್ನು ಬರಿದು ಮಾಡಿ, ಕಿಟಕಿಗಳನ್ನು ತೆರೆದು, ಶುದ್ಧ ತಣ್ಣೀರನ್ನು ಎಲ್ಲ ನಲ್ಲಿಗಳಿಂದ ಹೇರಳವಾಗಿ ಹರಿಸಬೇಕು. ಕೆಲವು ದಿನ ಇದನ್ನು ಪುನರಾವರ್ತಿಸಬೇಕು. ಸೀಮೆಎಣ್ಣೆಯಾಗಲಿ ಬೇರೆ ದ್ರಾವಕವಾಗಲಿ ಹಾಕಿ ತೊಳೆಯುವುದು ಅಪಾಯಕರ. ಮೂರನೆಯದಾಗಿ, ಪರೀಕ್ಷೆ. ಹರಿಸಿದೊಡನೆ ಹಿಡಿದ ನೀರು ಶುದ್ಧವಾಗಿಯೇ ತೋರಬಹುದು. ಆದುದರಿಂದ ಕೊಳವೆಯಲ್ಲಿ ರಾತ್ರಿಯೆಲ್ಲ, ಸಾಧ್ಯವಾದರೆ ಇನ್ನೂ ಹೆಚ್ಚು ಹೊತ್ತು ನಿಂತ ನೀರಿನ ಮೊದಲ ಹರಿವನ್ನು ಗಾಜಿನ ಶೀಸೆಯಲ್ಲಿ ಗಾಳಿಗೆ ಎಡೆಯಿಲ್ಲದಂತೆ ತುಂಬಿ ಪ್ರಯೋಗಾಲಯಕ್ಕೆ ಕಳುಹಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ಒಂದು ಲೀಟರ್ ನೀರಿನಲ್ಲಿ ಬೆಂಜೀನ್ 10 ಮೈಕ್ರೋಗ್ರಾಂ, ಸ್ಟೈರೀನ್ 20 ಮೈಕ್ರೋಗ್ರಾಂ ಮೀರಬಾರದು. ಇಷ್ಟು ಸೂಕ್ಷ್ಮ ಪ್ರಮಾಣವನ್ನು ಮೂಗು ಯಾವಾಗಲೂ ಗುರುತಿಸಲಾರದು. ನಾಲ್ಕನೆಯದಾಗಿ, ಪರೀಕ್ಷೆಯಲ್ಲಿ ಮತ್ತೆ ಮತ್ತೆ ದೋಷ ಕಂಡರೆ ಕೊಳವೆಯನ್ನು, ರಬ್ಬರ್ ವಾಷರ್ ಸಹಿತ, ಬದಲಿಸುವುದೇ ಪರಿಹಾರ.

ಹೊಸ ಕೊಳವೆ ಕೊಳ್ಳುವಾಗಲೂ ಎಚ್ಚರ ಬೇಕು. ಪಿ.ವಿ.ಸಿ. ಕೊಳವೆಗೆ ಐ.ಎಸ್. 4985, ಸಿ.ಪಿ.ವಿ.ಸಿ. ಕೊಳವೆಗೆ ಐ.ಎಸ್. 15778 ಎಂಬ ಭಾರತೀಯ ಮಾನಕ ಗುರುತನ್ನು ನೋಡಿ ಕೊಳ್ಳಬೇಕು. ಪಿ.ವಿ.ಸಿ. ಕೊಳವೆಗಳಲ್ಲಿ ಸೀಸದ ಬಳಕೆಯನ್ನು ತಡೆಯಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮಗಳನ್ನು ಹೊರಡಿಸಿದೆ. ಜೋಡಣೆಯ ಅಂಟು ಪೂರ್ಣ ಒಣಗಿದ ಮೇಲೆ ಚೆನ್ನಾಗಿ ನೀರು ಹರಿಸಿ, ಬಳಿಕವೇ ಕುಡಿಯಲು ಬಳಸಬೇಕು.

ಮಕ್ಕಳು ನೀರಿನ ವಾಸನೆಯನ್ನು ದೂರಿದಾಗ ಅದನ್ನು ಹಠವೆಂದು ತಳ್ಳಿಹಾಕದಿರೋಣ. ಒಂದು ಮನೆಯ ಕೊಳವೆಯಲ್ಲಿ ಕಂಡ ದೋಷ ಇಡೀ ಬೀದಿಯದೂ ಆಗಿರಬಹುದು. ಆದ್ದರಿಂದ ನೆರೆಹೊರೆಯವರೊಡನೆ ಕೂಡಿ ನೀರು ಸರಬರಾಜು ಅಧಿಕಾರಿಗಳಿಗೆ ತಿಳಿಸುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವಾಗಿದೆ.